ಅಡುಗೆಮನೆ ಇದ್ದ ರೆಸಾರ್ಟು

ಕಮಲಾಪುರ
3 ನವೆಂಬರ್ 2024

ಪೂಜ್ಯ ಅಣ್ಣನವರಿಗೆ ತಂಗಿ ವಿಮಲಾಬಾಯಿ ಮಾಡುವ ಶರಣು.

ಫೋನು ಬಿಟ್ಟು ಕಾಗದ ಬರೆದಿದ್ದಾಳೆ, ಇವಳಿಗೇನಾಯಿತು ಎಂದು ಗಾಬರಿಯಾಗಬೇಡಿ. ನನಗೇನೂ ಆಗಿಲ್ಲ. ಆಗಿರುವುದು ನಿಮ್ಮ ವಾಟ್ಸಾಪ್ ಗುಂಪಿಗೆ. 'ಹಿಮಯಾತ್ರೆ' ಎಂದು ಹೆಸರಿಟ್ಟು, ನಮ್ಮನ್ನೆಲ್ಲ ಅದರಲ್ಲಿ ಸೇರಿಸಿ, ನಿನ್ನೆಯಿಂದ ಅಡ್ಮಿನ್ ಒಬ್ಬರೇ ಬರೆಯಬಹುದು ಎಂದು ಬೀಗ ಜಡಿದಿದ್ದೀರಿ. ಅಡ್ಮಿನ್ ಯಾರು? ನೀವು. ಫೋನು ಮಾಡಿದರೆ ನಾನು ಒಂದು ಮಾತಾಡುವುದರೊಳಗೆ ನೀವು ನಾಲ್ಕು ಮಾತಾಡಿ, 'ಆಯ್ತ್ ಬಿಡು, ನಾ ನೋಡ್ತೀನಿ' ಎಂದು ಇಟ್ಟುಬಿಡುತ್ತೀರಿ. ಕಾಗದದ ನಡುವೆ ಯಾರಿಗೂ ಬಾಯಿ ಹಾಕಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉತ್ತರವನ್ನೂ ಬರೆದೇ ಕೊಡಿ.

ಈ ಪ್ರವಾಸ ಎಲ್ಲಿ ಹುಟ್ಟಿತೆಂದು ನೆನಪಿದೆಯೇ? ಹೋದ ಮೇ ತಿಂಗಳಲ್ಲಿ ಬ್ಯಾಂಕಿನಿಂದ ನಿವೃತ್ತರಾದ ನಿಮ್ಮ ವಾಕಿಂಗ್ ಬಳಗದವರೆಲ್ಲ ಹೆಂಡಂದಿರ ಸಮೇತ ನಮ್ಮ ಬಾಳೆತೋಟಕ್ಕೆ ಊಟಕ್ಕೆ ಬಂದಿದ್ದಿರಿ. ನೆರಳಿನಲ್ಲಿ ಕೂತರೂ ಬೆವರು ಇಳಿಯುತ್ತಿತ್ತು. ಆಗ ನಾನು, 'ಸಾಯೋದ್ರೊಳಗ ಒಮ್ಮೆ ಕಾಲಿಗೆ ಸ್ಕೀ ಕಟ್ಕೊಂಡು ಹಿಮದ ಮ್ಯಾಲ ಜಾರ್ಬೇಕ್ರಿ' ಅಂದೆ. ಮೊದಲು ಎಲ್ಲರೂ ನಕ್ಕಿರಿ. ಚಹಾ ಕುಡಿದು ಮುಗಿಯುವ ಹೊತ್ತಿಗೆ ನೀವೆಲ್ಲ ಹೌದೆಂದಿರಿ, ನೀವೇ ಅಧ್ಯಕ್ಷರೂ ಆದಿರಿ. ಆಗಲಿ, ನನಗೆ ಅಧ್ಯಕ್ಷಗಿರಿ ಬೇಡ. ಜಾಗ ಗೊತ್ತುಮಾಡುವ ಮುಂಚೆ ಇಷ್ಟು ವಿಚಾರಿಸಿ: ಹಿಮ ಬಾಗಿಲ ಮುಂದೆ ಇರಬೇಕು. ಹೊಸಬರಿಗೆ ಕಲಿಸುವವರು ಇರಬೇಕು. ಹೆಂಗಸರಿಗೂ ಸ್ಕೀ ಕೊಡಬೇಕು. ನನ್ನ ಗೆಳತಿ ನೂರಜಹಾನ್ ಸಿಸ್ಟರ್ ಕೂಡ ಬರುತ್ತಾಳೆ, ಅವಳ ಹೆಸರನ್ನೂ ಹಾಕಿ.

ಸುನಂದಾ ವೈನಿಗೆ ನಮಸ್ಕಾರ ತಿಳಿಸಿ.

ನಿಮ್ಮ ತಂಗಿ
ವಿಮಲಾ


ಕಲಬುರಗಿ
9 ನವೆಂಬರ್ 2024

ಚಿ. ವಿಮಲಾಗೆ ಅಣ್ಣ ಗುರುಲಿಂಗಪ್ಪನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ದುಡಿದವನಿಗೆ ಪ್ರವಾಸ ಏರ್ಪಡಿಸುವುದು ಹೇಗೆಂದು ಅಂಗನವಾಡಿಯಿಂದ ನಿವೃತ್ತಳಾದ ತಂಗಿ ಹೇಳಿಕೊಡಬೇಕಾಗಿ ಬಂತಲ್ಲ, ಇರಲಿ. ಗುಂಪಿಗೆ ಬೀಗ ಹಾಕಿದ್ದು ನಿನ್ನ ಮೇಲಿನ ಸಿಟ್ಟಿನಿಂದಲ್ಲ. ಬಳಗದ ತುಕಾರಾಮ ಬೆಳಗಾದರೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಾನೆ, ನೀನು ಪ್ರಶ್ನೆ ಕಳಿಸುತ್ತೀ. ಕೆಲಸ ಸಾಗುವುದು ಹೇಗೆ?

ಜಾಗಗಳನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇನೆ. ಗುಲ್ಮಾರ್ಗ್ ನಮ್ಮ ಪೆನ್ಷನ್ನಿಗೆ ಒಗ್ಗುವಂಥದ್ದಲ್ಲ. ಔಲಿ ಬಹಳ ದೂರ, ರೈಲಿಳಿದ ಮೇಲೆಯೇ ಅರ್ಧ ದೇಶ ಸುತ್ತಿದಂತಾಗುತ್ತದೆ. ಕೊನೆಗೆ ಮನಾಲಿಯ ಕಡೆ ನದಿ ದಂಡೆಯ ಒಂದು ರೆಸಾರ್ಟನ್ನು ಆರಿಸಿದ್ದೇನೆ. ಎಲ್ಲರ ಕೈಗೆಟುಕುವಂಥದ್ದು, ಎಲ್ಲಕ್ಕಿಂತ ಅಗ್ಗ. ಕಾಟೇಜುಗಳು ಚೊಕ್ಕಟವಾಗಿವೆ. ಮುಖ್ಯವಾಗಿ ಒಳ್ಳೆಯ ಅಡುಗೆಮನೆ ಇದೆ. ಗ್ಯಾಸು, ಪಾತ್ರೆ ಎಲ್ಲ ಅವರದೇ. ಆ ಚಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಯೋಚಿಸಿ ನೋಡು. ಬಳಗದವರೆಲ್ಲ ಕೇಳಿ ಬಹಳ ಖುಷಿಪಟ್ಟರು.

ಹಿಮ ಅಲ್ಲೇ ಹತ್ತಿರದಲ್ಲಿದೆ. ಜನವರಿ ಕೊನೆಯ ವಾರ ಹೊರಡುವುದು. ಬರುವಾಗ ನಿಮ್ಮ ಕಡೆಯ ಬಿಳಿಜೋಳದ ಹಿಟ್ಟು ಬೀಸಿಸಿಕೊಂಡು ಬಾ. ಹಂಚು ನಿನ್ನದೇ ತಾ, ಸುನಂದಾಳ ಹಂಚು ಚಿಕ್ಕದು.

ನೂರಜಹಾನ್ ಸಿಸ್ಟರ್ ವಿಷಯ ಆಮೇಲೆ ನೋಡೋಣ. ಬಳಗದ ಹೊರಗಿನವರು.

ನಿನ್ನ ಅಣ್ಣ


ಕಮಲಾಪುರ
14 ನವೆಂಬರ್ 2024

ಅಣ್ಣನವರಿಗೆ ಶರಣು.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಸ್ಕೀ ಎಂಬ ಶಬ್ದ ಅದರಲ್ಲಿ ಒಂದು ಕಡೆಗೂ ಇಲ್ಲ. ರೊಟ್ಟಿ ಇದೆ, ಪಲ್ಯ ಇದೆ, ಹಿಂಡಿ ಇದೆ, ನನ್ನ ಹಂಚೂ ಇದೆ. ಹಿಮ ನೋಡಲು ಹೊರಟ ಬಳಗಕ್ಕೆ ಎಲ್ಲಕ್ಕಿಂತ ಮೊದಲು ಅಡುಗೆಮನೆ ಕಂಡಿತು. ಆ ರೊಟ್ಟಿ ಬಡಿಯುವವರು ಯಾರು ಎಂದು ಮಾತ್ರ ನೀವು ಬರೆದಿಲ್ಲ. ಬರೆಯುವ ಅಗತ್ಯ ಕಾಣಲಿಲ್ಲವೇನೋ.

'ಹತ್ತಿರ' ಎಂದರೆ ಎಷ್ಟು ಹತ್ತಿರ ಎಂದು ತಿಳಿಯಲು ನಾನೇ ಆ ರೆಸಾರ್ಟಿಗೆ ಫೋನು ಮಾಡಿಸಿದೆ. ಮಾತಾಡಿದ್ದು ನೂರಜಹಾನ್. ನಲವತ್ತು ವರ್ಷ ಸರಕಾರಿ ದವಾಖಾನೆಯಲ್ಲಿ ನರ್ಸಾಗಿದ್ದವಳು, ಅವಳ ಮುಂದೆ ಯಾರೂ ಸುಳ್ಳು ಹೇಳಿ ದಕ್ಕಿಸಿಕೊಂಡಿಲ್ಲ. 'ಬರಫ್ ಕಿತ್ತಾ ದೂರ್ ಹೈ ಭಾಯಿ?' ಎಂದು ಹಿಮ ಎಷ್ಟು ದೂರವೆಂದು ಕೇಳಿದಳು. ಆತ ಪಾಪ ಖರೇ ಹೇಳಿದ. ಅಲ್ಲಿ ಹಿಮ ಇಲ್ಲ. ಕಿಟಕಿಯಿಂದ ಕಾಣುತ್ತದಂತೆ. ಜಾರಬೇಕೆಂದರೆ ಟ್ಯಾಕ್ಸಿ ಹಿಡಿದು, ಮನಾಲಿ ಊರು ದಾಟಿ, ಸೋಲಾಂಗ್ ಕಣಿವೆಗೆ ಹೋಗಬೇಕು. ಆ ದಾರಿಯಲ್ಲಿ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ, ಬೆಳಕು ಹರಿಯುವ ಮುಂಚೆ ಹೊರಟರೆ ಮಾತ್ರ ಪ್ರಯೋಜನ ಅಂದ. 'ನಾಷ್ಟಾ ಮುಗಿಸಿ ಹೊರಟರೆ?' ಎಂದು ಇವಳು ಕೇಳಿದ್ದಕ್ಕೆ ಆತ ನಕ್ಕನಂತೆ.

ಈಗ ನೀವೇ ಹೇಳಿ. ಇಡೀ ಬಳಗಕ್ಕೆ ಬೆಳಗಿನ ಉಪ್ಪಿಟ್ಟು ಮಾಡಿ, ಮಧ್ಯಾಹ್ನಕ್ಕೆ ರೊಟ್ಟಿ ಬಡಿದು, ಪಾತ್ರೆ ತೊಳೆದು, ಆಮೇಲೆ ನಾವು ಹೆಂಗಸರು ಯಾವ ಹಿಮ ನೋಡಬೇಕು? ಕಿಟಕಿಯದೇ? ಕಿಟಕಿಯಿಂದ ನೋಡುವುದಕ್ಕೆ ಅಷ್ಟು ದೂರ ಯಾಕೆ, ನಮ್ಮ ಟಿವಿಯಲ್ಲೇ ಬರುತ್ತದೆ.

ಹಿಟ್ಟು ಬೀಸಿಸಿಲ್ಲ. ಬೀಸಿಸುವುದೂ ಇಲ್ಲ.

ವಿಮಲಾ


ಕಲಬುರಗಿ
25 ನವೆಂಬರ್ 2024

ಚಿ. ವಿಮಲಾಗೆ ಆಶೀರ್ವಾದಗಳು.

ಬರೆಯುವುದು ತಡವಾಯಿತು. ನಿನ್ನ ಕಾಗದದ ದನಿ ನನಗೆ ಹಿಡಿಸಲಿಲ್ಲ. ಮನಸ್ಸು ತಣ್ಣಗಾಗಲಿ ಎಂದು ಸುಮ್ಮನಿದ್ದೆ.

ಮೊದಲನೆಯದಾಗಿ, ಅಧ್ಯಕ್ಷ ಮಾಡಿದ ವ್ಯವಸ್ಥೆಯ ಬಗ್ಗೆ ಹೊರಗಿನವರಿಂದ ಫೋನು ಮಾಡಿಸಿ ವಿಚಾರಣೆ ನಡೆಸುವುದು ಮರ್ಯಾದೆಯ ಕೆಲಸವಲ್ಲ. ಎರಡನೆಯದಾಗಿ, ನೀನೂ ಆ ಸಿಸ್ಟರೂ ಕೂಡಿ ಕಾಲುವೆಯ ಏರಿಯ ಮೇಲಿಂದ ಬಾಳೆಯ ಪಟ್ಟೆ ಮೇಲೆ ನಿಂತು ಜಾರುವ ಅಭ್ಯಾಸ ಮಾಡುತ್ತಿದ್ದಿರೆಂದೂ, ನೀನು ಬಿದ್ದು ಮೊಣಕೈ ಕೆತ್ತಿಕೊಂಡಿರುವೆಯೆಂದೂ ಇಲ್ಲಿಯವರೆಗೆ ಸುದ್ದಿ ಬಂದಿದೆ. ಅದನ್ನು ನೀನು ನನಗೆ ಬರೆಯಲಿಲ್ಲ. ಅರವತ್ತರ ಹೆಂಗಸು ಹೀಗೆ ಮಾಡಿದರೆ ಊರವರು ಏನೆಂದಾರು? ಸ್ಕೀಯಿಂಗ್ ನಿನಗೆ ಬೇಡ. ಒಂದು ದಿನ ಎಲ್ಲರನ್ನೂ ಟ್ಯಾಕ್ಸಿಯಲ್ಲಿ ಕರೆದೊಯ್ಯುತ್ತೇನೆ. ಹಿಮದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಿ. ಅಷ್ಟು ಸಾಕು.

ಇನ್ನು ಅಡುಗೆಮನೆಯ ಮಾತು. ನೀನು ತಿಳಿದಂತೆ ಅದು ನನ್ನ ಕಲ್ಪನೆಯೇ ಅಲ್ಲ. ನಿನ್ನ ವೈನಿಯದು. ಖರ್ಚು ನೋಡಿದ ಮೇಲೆ ಬಳಗದ ಸಭೆಯಲ್ಲಿ ಗಂಡಸರಷ್ಟೇ ಹೋಗಿಬರುವುದೆಂದು ಠರಾವಾಗಿತ್ತು. ಅದನ್ನು ಮನೆಯಲ್ಲಿ ಹೇಳಿದಾಗ ಸುನಂದಾಳೇ, 'ಅಡಿಗಿಮನಿ ಇದ್ದಲ್ಲಿ ನೋಡ್ರಿ, ನಾವೆಲ್ಲಾ ಕೂಡಿ ಅಡಿಗಿ ಮಾಡ್ತೀವಿ, ನಿಮ್ಗ ಹೋಟೆಲ್ ಖರ್ಚು ಉಳೀತದ, ನಮ್ಮನ್ನೂ ಕರ್ಕೊಂಡು ಹೋಗ್ರಿ' ಅಂದಳು. ಒಳ್ಳೆಯ ಸಲಹೆ ಎಂದು ಒಪ್ಪಿದೆ. ಹೆಂಗಸರನ್ನು ಬಿಟ್ಟು ಹೋಗುವ ಬದಲು ಕರೆದುಕೊಂಡು ಹೋಗುವ ದಾರಿ ಹುಡುಕಿದವನು ನಾನು. ಅದಕ್ಕೆ ಬೈಸಿಕೊಳ್ಳುವವನೂ ನಾನೇ.

ನಿನ್ನ ಅಣ್ಣ


ಕಮಲಾಪುರ
28 ನವೆಂಬರ್ 2024

ಅಣ್ಣಾ,

ನಿಮ್ಮ ಕಾಗದ ಓದಿ ಮೈ ಉರಿದುಹೋಯಿತು. ಸಮಾಧಾನವಾದ ಮೇಲೆ ಬರೆಯೋಣ ಎಂದುಕೊಂಡೆ, ಆಗಲಿಲ್ಲ.

ನನ್ನ ಬಾಯಿಂದ ಬಂದ ಆಸೆಯನ್ನು ಎತ್ತಿಕೊಂಡು, ನನ್ನನ್ನೇ ಬಿಟ್ಟು ಹೋಗುವುದೆಂದು ಠರಾವು ಮಾಡಿದಿರಿ. ಒಂದು ಮಾತು ತಿಳಿಸಲಿಲ್ಲ. ಆಮೇಲೆ ವೈನಿ ನಮ್ಮೆಲ್ಲರ ಕೈಗಳನ್ನು ಒತ್ತೆ ಇಟ್ಟು ನಮಗೆ ಟಿಕೇಟು ಕೊಡಿಸಿದರು. ಅದನ್ನು ನೀವು 'ಸಲಹೆ' ಎಂದು ಬರೆಯುತ್ತೀರಿ. ವೈನಿಯ ಮೇಲೆ ನನಗೆ ಸಿಟ್ಟಿಲ್ಲ. ಅಡುಗೆ ಮಾಡಿಕೊಡುತ್ತೇವೆ ಎಂದರೆ ಮಾತ್ರ ನೀವು ಕರೆದೊಯ್ಯುತ್ತೀರಿ ಎಂದು ಅವರಿಗೆ ಗೊತ್ತು. ನಿಮ್ಮ ಜೊತೆ ಅಷ್ಟು ವರ್ಷ ಬಾಳಿದವರಲ್ಲವೇ? ನಿಮ್ಮ ರೆಸಾರ್ಟು ಅಗ್ಗ ಯಾಕೆಂದು ಈಗ ತಿಳಿಯಿತು. ಅದು ಅಗ್ಗವಲ್ಲ ಅಣ್ಣಾ, ನಮ್ಮ ದುಡಿಮೆಗೆ ನೀವು ಬೆಲೆ ಹಿಡಿದಿಲ್ಲ ಅಷ್ಟೆ.

ನಾನು ಏಳನೆಯ ಇಯತ್ತೆ ಮುಗಿಸಿದ ವರ್ಷ ನೀವು ಕಾಲೇಜಿಗೆಂದು ಕಲಬುರಗಿಯ ಶಹಾಬಜಾರದಲ್ಲಿ ಕೋಣೆ ಮಾಡಿದಿರಿ. 'ಹೋಟೆಲ್ ಕೂಳು ತಿಂದ್ರ ಹುಡುಗ ಓದೋದು ಹ್ಯಾಂಗ' ಎಂದು ಅಪ್ಪ ನನ್ನನ್ನು ಶಾಲೆ ಬಿಡಿಸಿ ನಿಮ್ಮ ಜೊತೆ ಕಳಿಸಿದ. ನೀವು ಡಿಗ್ರಿ ಮುಗಿಸುವವರೆಗೆ ಎರಡು ಹೊತ್ತು ರೊಟ್ಟಿ ಬಡಿದೆ. ಓಣಿಯ ಆಚೆ ಹೆಣ್ಣುಮಕ್ಕಳ ಶಾಲೆ ಇತ್ತು. ಪ್ರಾರ್ಥನೆಯ ಗಂಟೆ ಹೊಡೆದಾಗ ನಾನು ಒಲೆಯ ಮುಂದೆ ಇರುತ್ತಿದ್ದೆ. ಆ ಶಾಲೆಗೆ ನನ್ನ ಹೆಸರು ಹಚ್ಚಬಹುದಿತ್ತು. ಕೋಣೆಯಿಂದ ನಡೆದರೆ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಹಿಡಿಯುತ್ತಿರಲಿಲ್ಲ. ಅಪ್ಪನಿಗೂ ಹೊಳೆಯಲಿಲ್ಲ, ನಿಮಗೂ ಹೊಳೆಯಲಿಲ್ಲ. ಇದನ್ನು ನಾನು ಎಂದೂ ಆಡಿ ತೋರಿಸಿಲ್ಲ. ನಿಮ್ಮ ಕಣ್ಣಲ್ಲಿ ನೀರು ಬರಲಿ ಎಂದು ಈಗಲೂ ಬರೆಯುತ್ತಿಲ್ಲ. ಅರವತ್ತರ ಹೆಂಗಸಿಗೆ ಏನು ಬೇಡ ಎಂದು ನೀವು ಹೇಳಿದಿರಲ್ಲ, ಹನ್ನೆರಡರ ಹುಡುಗಿಗೂ ಹೀಗೇ ಯಾರೋ ಹೇಳಿದ್ದರು ಎಂದು ನೆನಪಿಸುತ್ತಿದ್ದೇನೆ.

ಮೊಣಕೈ ಕೆತ್ತಿದ್ದು ಖರೆ. ಬಿದ್ದದ್ದೂ ಖರೆ. ಬಿದ್ದ ಮೇಲೆ ಎದ್ದು ಮತ್ತೆ ಜಾರಿದ್ದನ್ನು ನಿಮಗೆ ಸುದ್ದಿ ಮುಟ್ಟಿಸಿದವರು ಹೇಳಲಿಲ್ಲವೆಂದು ಕಾಣುತ್ತದೆ.

ಬರಿ ಜಗಳವಾಡಿ ಬಿಡುವವಳಲ್ಲ ನಾನು. ಬೇರೆ ಜಾಗ ಹುಡುಕಿದ್ದೇನೆ. ಸೋಲಾಂಗಿನಲ್ಲೇ, ಹಿಮದ ಇಳಿಜಾರಿಗೆ ಹೊಂದಿಕೊಂಡು ಒಂದು ವಸತಿಗೃಹ ಇದೆ. ದೊಡ್ಡ ಕೋಣೆ, ಒಂದರ ಮೇಲೊಂದು ಮಂಚ. ಊಟ ಅವರೇ ಹಾಕುತ್ತಾರೆ, ಅನ್ನ, ರಾಜ್ಮಾ, ತೆಳ್ಳಗಿನ ಚಪಾತಿ. ಸ್ಕೀ ಕೊಟ್ಟು ಕಲಿಸುವ ಖರ್ಚೂ ಅದರಲ್ಲೇ ಸೇರಿದೆ. ಎಲ್ಲ ಕೂಡಿಸಿದರೂ ನಿಮ್ಮ ಕಾಟೇಜು ಮತ್ತು ಟ್ಯಾಕ್ಸಿಗಿಂತ ಹೆಚ್ಚಾಗುವುದಿಲ್ಲ. ಚೈನಿ ಇಲ್ಲ, ಅದು ನನಗೆ ಬೇಕಾಗಿಯೂ ಇಲ್ಲ. ಗುಂಪಿನ ಬೀಗವನ್ನು ಒಂದು ದಿನದ ಮಟ್ಟಿಗೆ ತೆಗೆಯಿರಿ. ಎರಡೂ ಜಾಗಗಳನ್ನು ಎಲ್ಲರ ಮುಂದಿಡಿ. ಹೆಂಗಸರೂ ಬರೆಯಲಿ. ಎಲ್ಲರೂ ನಿಮ್ಮ ಜಾಗವೇ ಒಳ್ಳೆಯದೆಂದರೆ ನಾನು ಬಾಯಿ ಮುಚ್ಚಿಕೊಂಡು ಹಿಟ್ಟು ಬೀಸಿಸುತ್ತೇನೆ.

ವಿಮಲಾ


ಕಲಬುರಗಿ
6 ಡಿಸೆಂಬರ್ 2024

ವಿಮಲಾಬಾಯಿಯವರಿಗೆ,

ಬಳಗದ ಅಧ್ಯಕ್ಷನಾಗಿ ತಿಳಿಸುವುದೇನೆಂದರೆ, ತೀರ್ಮಾನವಾದ ವಿಷಯವನ್ನು ಮತ್ತೆ ಚರ್ಚೆಗೆ ತರಲು ಬರುವುದಿಲ್ಲ. ಕಾಟೇಜಿಗೆ ಮುಂಗಡ ಕೊಟ್ಟಾಗಿದೆ. ಗುಂಪಿನ ಬೀಗ ತೆಗೆಯುವ ಪ್ರಶ್ನೆ ಇಲ್ಲ. ವ್ಯವಸ್ಥೆ ಒಪ್ಪಿಗೆಯಾಗದವರು ಹೆಸರು ತೆಗೆಸಬಹುದು.

ಅಣ್ಣನಾಗಿ ಇನ್ನೊಂದು ಮಾತು. ಹಳೆಯದನ್ನೆಲ್ಲ ಕೆದಕಬಾರದಿತ್ತು. ಆ ಕಾಲ ಹಾಗಿತ್ತು. ಎಲ್ಲರ ಮನೆಯಲ್ಲೂ ಹಾಗೇ ಇತ್ತು. ನಿನ್ನ ಕಾಗದ ಮೇಜಿನ ಮೇಲೆ ಇತ್ತು, ಸುನಂದಾ ಓದಿದ್ದಾಳೆ. ಮನೆಯಲ್ಲಿ ಮಾತು ಕಡಿಮೆಯಾಗಿದೆ. ನಿನ್ನೆ ತುಕಾರಾಮನ ಹೆಂಡತಿ ಬಂದಿದ್ದಳು, ನಾನು ಹೋದೊಡನೆ ಇಬ್ಬರೂ ಸುಮ್ಮನಾದರು. ನಿನಗೆ ಸಮಾಧಾನವಾಯಿತೇ?

ಗುರುಲಿಂಗಪ್ಪ
ಅಧ್ಯಕ್ಷ


ಕಮಲಾಪುರ
15 ಡಿಸೆಂಬರ್ 2024

ಶ್ರೀ ಗುರುಲಿಂಗಪ್ಪನವರಿಗೆ,
ಅಧ್ಯಕ್ಷರು, ವಾಕಿಂಗ್ ಬಳಗ

ವ್ಯವಸ್ಥೆ ಒಪ್ಪಿಗೆಯಾಗದವರು ಹೆಸರು ತೆಗೆಸಬಹುದು ಎಂದು ಬರೆದಿದ್ದಿರಿ. ತೆಗೆಸುತ್ತಿದ್ದೇವೆ. ಬಳಗದ ಎಲ್ಲ ಹೆಂಗಸರ ಹೆಸರನ್ನೂ ತೆಗೆದುಹಾಕಿ. ಮೊದಲ ಹೆಸರು ಸುನಂದಾ ವೈನಿಯವರದು.

ಮೊನ್ನೆ ಅವರೆಲ್ಲ ಗುಡಿಗೆ ಹೋಗಿ ಬರುತ್ತೇವೆಂದು ನಿಮಗೆ ಹೇಳಿ ಹೊರಟರಲ್ಲ, ಬಂದದ್ದು ಇಲ್ಲಿಗೆ. ಬಸ್ಸಿಳಿದು ನೇರ ತೋಟಕ್ಕೆ ಬಂದು ಕೂತರು. ನಾನು ಒಲೆ ಹಚ್ಚಲು ಎದ್ದರೆ ವೈನಿ ಕೈ ಹಿಡಿದು ಕೂಡಿಸಿದರು. 'ಇವತ್ತ ಯಾರೂ ಏನೂ ಮಾಡೋದಿಲ್ಲ. ಬಾಳಿಹಣ್ಣ ತಿಂತೀವಿ' ಅಂದರು. ಕೆಂಪು ಬಾಳೆಯ ಒಂದು ಗೊನೆ ಮುಗಿಯಿತು. ಆಮೇಲೆ ವೈನಿ ಆಡಿದ ಮಾತನ್ನು ಹಾಗೇ ಬರೆಯುತ್ತೇನೆ. 'ಅಡಿಗಿ ಮಾಡ್ತೀವಿ ಅಂತ ನಾ ಅಂದಾಗ ಅವ್ರು ಬ್ಯಾಡ ಅಂತಾರೇನೋ ಅಂತ ಒಂದ್ ಗಳಿಗಿ ಕಾದೆ ವಿಮಲಾ. ಅಲ್ಲಿ ಹೋಗಿಯಾದ್ರೂ ಆರಾಮಿರು ಅಂತಾರೇನೋ ಅಂದ್ಕೊಂಡೆ. ಅವ್ರು ಎಷ್ಟ್ ರೊಟ್ಟಿ ಬೇಕಾಗ್ತಾವ ಅಂತ ಲೆಕ್ಕ ಹಾಕ್ಲಾಕತ್ತಿದ್ರು.'

ನೂರಜಹಾನ್ ಫೋನು ತೆಗೆದು ಸೋಲಾಂಗಿನ ವಸತಿಗೃಹಕ್ಕೆ ಹಚ್ಚಿದಳು.

ನಾವೂ ಜನವರಿ ಕೊನೆಯ ವಾರವೇ ಹೊರಡುತ್ತೇವೆ. ರೈಲು ಬೇರೆ. ನಿಮ್ಮ ಕಾಟೇಜನ್ನು ರದ್ದು ಮಾಡುವ ಕಾರಣವಿಲ್ಲ. ಅಡುಗೆಮನೆ ಒಳ್ಳೆಯದಿದೆ ಎಂದು ನೀವೇ ಹೇಳಿದ್ದೀರಿ.

ವಿಮಲಾಬಾಯಿ


ಕಲಬುರಗಿ
5 ಫೆಬ್ರವರಿ 2025

ವಿಮಲಾ,

ನೀವೆಲ್ಲ ಸುಖವಾಗಿ ಮರಳಿದಿರೆಂದು ಸುನಂದಾಳಿಂದ ತಿಳಿಯಿತು. ಅವಳು ಎಲ್ಲವನ್ನೂ ಹೇಳುವುದಿಲ್ಲ, ತನ್ನಷ್ಟಕ್ಕೇ ನಗುತ್ತಾಳೆ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ನಮ್ಮ ಪ್ರವಾಸ ಕೆಟ್ಟಿತು. ಅದಕ್ಕೆ ಕಾರಣ ಯಾರೆಂದು ನಿನಗೆ ಗೊತ್ತಿದೆ. ಜೋಳದ ಹಿಟ್ಟು ಸೂಪರ್ ಮಾರ್ಕೆಟ್ಟಿನಿಂದ ತಂದಿದ್ದೆವು. ತುಕಾರಾಮ ಹಿಟ್ಟಿಗೆ ತಣ್ಣೀರು ಹಾಕಿ ನಾದಿದ. ರೊಟ್ಟಿ ಕೈಯಲ್ಲೇ ಹರಿಯಿತು. ಬಿಸಿನೀರು ಹಾಕಬೇಕೆಂದು ನಮ್ಮಲ್ಲಿ ಒಬ್ಬನಿಗೂ ತಿಳಿಯದು, ಇಷ್ಟು ವರ್ಷ ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಪಾತ್ರೆ ತೊಳೆಯುವ ಪಾಳಿಯ ಮೇಲೆ ಎರಡನೆಯ ದಿನವೇ ಜಗಳ ಹತ್ತಿತು. ಬ್ಯಾಂಕಿನಲ್ಲಿ ಎಂದೂ ಎದುರಾಡದವರು ಒಂದು ಕುಕ್ಕರಿಗಾಗಿ ನನಗೆ ಎದುರಾಡಿದರು. ಅಡುಗೆ ಮಾಡಿ ಉಂಡು ಹೊರಡುವ ಹೊತ್ತಿಗೆ ಪ್ರತಿದಿನವೂ ಮಧ್ಯಾಹ್ನ ಇಳಿಯುತ್ತಿತ್ತು. ಟ್ಯಾಕ್ಸಿಯವನು, 'ಅಬ್ ಜಾಕೆ ಕ್ಯಾ ಕರೋಗೆ ಸಾಬ್' ಎಂದು, ಈಗ ಹೋಗಿ ಮಾಡುವುದೇನು ಎನ್ನುತ್ತಿದ್ದ. ಇಂಥ ಜಾಗದಲ್ಲಿ ಹಿಮ ನೋಡಲು ಸಮಯವೇ ಸಿಗುವುದಿಲ್ಲ ಎಂದು ಯಾರಿಗೆ ತಾನೇ ಅನಿಸುತ್ತದೆ? ಆ ರೆಸಾರ್ಟಿನವರು ಇದನ್ನು ಮೊದಲೇ ತಿಳಿಸಬೇಕಿತ್ತು.

ಕೊನೆಯ ದಿನ ನಾನೊಬ್ಬನೇ ಉಪವಾಸ ಹೊರಟೆ. ಬೆಳಕು ಹರಿಯುವ ಮುಂಚೆ. ನೀವಿದ್ದ ವಸತಿಗೃಹದ ಮುಂದೆಯೇ ಇಳಿದೆ. ಒಳಗೆ ಬರಲು ಸಂಕೋಚವಾಗಿ ಕಟ್ಟೆಯ ಬಳಿ ನಿಂತಿದ್ದೆ. ಇಳಿಜಾರಿನ ಮೇಲೆ ಹೆಂಗಸರ ಸಾಲು ಇತ್ತು. ಸುನಂದಾಳನ್ನು ಗುರುತು ಹಿಡಿಯಲಿಲ್ಲ, ಅವಳು ಪ್ಯಾಂಟು ಹಾಕಿಕೊಂಡಿದ್ದನ್ನು ನಾನು ಈವರೆಗೆ ಕಂಡವನಲ್ಲ. ನಿನ್ನನ್ನು ಗುರುತು ಹಿಡಿದೆ. ನೀನು ಬಿದ್ದೆ, ಎದ್ದೆ. ಆ ಕಲಿಸುವ ಹುಡುಗಿ ಏನೋ ಹೇಳಿದಳು, ನೀನು ಮೊಣಕಾಲು ಮಡಿಸಿ ಹೊರಟೆ. ಈ ಸಲ ಬೀಳಲಿಲ್ಲ. ನನ್ನ ಕಡೆಗೇ ಬರುತ್ತಿದ್ದೆ. ನಾನು ಗಟ್ಟಿಯಾಗಿ 'ವಿಮಲಾ' ಎಂದು ಕೂಗಿದೆ. ಎರಡು ಸಲ ಕೂಗಿದೆ. ನೀನು ತಿರುಗಿ ನೋಡದೆ ನನ್ನ ಮುಂದೆಯೇ ಹಾದು ಕೆಳಗೆ ಹೋದೆ. ನಾನು ಟ್ಯಾಕ್ಸಿ ಹಿಡಿದು ವಾಪಸು ಬಂದೆ.

ಅಷ್ಟು ಹತ್ತಿರದಲ್ಲಿ ಕೂಗಿದ್ದು ಕೇಳಿಸಲಿಲ್ಲವೇ? ಗಾಳಿ ಇತ್ತು, ನೀನು ಟೊಪ್ಪಿಗೆ ಹಾಕಿದ್ದೆ, ಕೇಳಿಸಿರಲಿಕ್ಕಿಲ್ಲ ಎಂದು ಅಂದುಕೊಂಡಿದ್ದೇನೆ. ಹೌದೋ ಅಲ್ಲವೋ ಎಂದು ಒಂದು ಸಾಲು ಬರೆ.

ಅಣ್ಣ


ಕಮಲಾಪುರ
10 ಫೆಬ್ರವರಿ 2025

ಅಣ್ಣನಿಗೆ ಶರಣು.

ಕೇಳಿಸಿತು. ಎರಡು ಸಲವೂ ಕೇಳಿಸಿತು.

ನಿಮ್ಮನ್ನು ಕಟ್ಟೆಯ ಬಳಿ ನೋಡಿಯೂ ಇದ್ದೆ. ಉಪವಾಸ ಬಂದಿದ್ದೀರೆಂದು ಮುಖ ನೋಡಿಯೇ ತಿಳಿಯಿತು. ಆದರೆ ನನಗೆ ಬುದ್ಧಿ ತಿಳಿದಾಗಿನಿಂದ ನೀವು ನನ್ನನ್ನು ಗಟ್ಟಿಯಾಗಿ ಕರೆದದ್ದು ಏನಾದರೂ ಬೇಕಾದಾಗಲೇ. ನೀರು ಬೇಕಾದಾಗ, ಚಹಾ ಬೇಕಾದಾಗ, ಅಂಗಿಯ ಗುಂಡಿ ಕಿತ್ತಾಗ. ಅಂದೂ ಏನೋ ಬೇಕಾಗಿದೆ ಎಂದುಕೊಂಡೆ. ಬರಿ ನೋಡಲೆಂದೇ ಕರೆದಿರಬಹುದು ಎಂದು ನನಗೆ ಹೊಳೆಯಲಿಲ್ಲ ಅಣ್ಣಾ. ನಿಂತರೆ ಬೀಳುತ್ತಿದ್ದೆ. ಅದಕ್ಕೇ ನಿಲ್ಲಲಿಲ್ಲ.

ವಿಮಲಾ